ವಿವರ ಜಾಸ್ತಿ

ಫೆಬ್ರವರಿ 3, ಸೋಮವಾರ

ಮತ್ತೆ ಜೈಲು. ಮತ್ತೆ ದರ್ಜಿ. ಅದೇ ಕಬ್ಬಿಣದ ಮೇಜು, ಒಂದು ಕಾಲು ಗಿಡ್ಡ. ಮೊಣಕೈ ಊರಿದರೆ ಟೀ ಚೆಲ್ಲುತ್ತದೆ. ಅಪರಾಧಿಗಳ ತಲೆಯೊಳಗೆ ಇಳಿದು ನೋಡುವ ಮನಶ್ಶಾಸ್ತ್ರಜ್ಞನಿಗೆ ನೆಟ್ಟಗಿರುವ ಮೇಜು ಕೊಡಲಾಗದ ಇಲಾಖೆ ಅಪರಾಧ ತಡೆಯುತ್ತದಂತೆ.

ದರ್ಜಿಗೆ ಹತ್ತು ವರ್ಷ ಶಿಕ್ಷೆ. ಹೆಂಡತಿಯನ್ನು ಮೆಟ್ಟಿಲಿಂದ ತಳ್ಳಿದ್ದಕ್ಕೆ. ಕಂಡವರು ಯಾರೂ ಇರಲಿಲ್ಲ. ಮೀಸೆ ಇನ್‌ಸ್ಪೆಕ್ಟರ್ (ಮೀಸೆ ಬಿಟ್ಟರೆ ಆತನ ಬಗ್ಗೆ ಹೇಳಲು ಬೇರೇನಿಲ್ಲ) ಕೈಚೆಲ್ಲಿ ಕೂತಿದ್ದ. ದರ್ಜಿಯ ಹೇಳಿಕೆ ಓದಿ ಗುಟ್ಟು ಒಡೆದವನು ನಾನು. ಯಾವ ಚಪ್ಪಲಿ ಕಳಚಿತ್ತು, ಬಕೆಟ್ ಎಲ್ಲಿಯವರೆಗೆ ಉರುಳಿತ್ತು, ಅವಳ ಕೂದಲಿಗೆ ಯಾವ ಬಣ್ಣದ ದಾರ ಅಂಟಿತ್ತು... ಒಂದೂ ಬಿಡದೆ ಹೇಳಿದ್ದ. ಹೆಂಡತಿಯ ಹೆಣ ನೋಡಿದವನು ಹೀಗೆ ಮಾತಾಡುತ್ತಾನೆಯೇ? ಸುಳ್ಳುಗಾರನ ಬಾಯಲ್ಲಿ ವಿವರ ಜಾಸ್ತಿ. ಕೋರ್ಟು ಒಪ್ಪಿತು. ಟೀವಿಯವರು ಕುಣಿದಾಡಿದರು. ನನ್ನ ಪುಸ್ತಕದ ಮೂರನೆಯ ಅಧ್ಯಾಯ ಅದೇ.

ಇವತ್ತು ನನ್ನ ಕೋಟನ್ನೇ ನೋಡುತ್ತಿದ್ದ. “ಸರ್, ಕೋಟಿನ ಒಳಪದರ ಹೊಲಿಗೆ ಬಿಟ್ಟಿದೆ. ಇಲ್ಲಿ ಸೂಜಿ ಕೊಡಲ್ಲ. ಕೊಟ್ಟಿದ್ರೆ ಹಾಕಿಕೊಡ್ತಿದ್ದೆ.”

ಬೆಣ್ಣೆ ಹಚ್ಚುವುದು. ಇವರೆಲ್ಲರ ಚಾಳಿ. ಬರೆದುಕೊಂಡೆ.

ಫೆಬ್ರವರಿ 9, ಭಾನುವಾರ

ಮಗಳು, ಅಳಿಯ ಊಟಕ್ಕೆ ಬಂದಿದ್ದರು. ಈ ಮನೆಯಲ್ಲಿ ನನ್ನ ಮಾತು ಅರ್ಥವಾಗುವುದು ಅಳಿಯನೊಬ್ಬನಿಗೆ. ವಿಮೆ ಕಂಪನಿಯ ಸರ್ವೇಯರ್. ಜಜ್ಜಿದ ಗಾಡಿ ನೋಡಿ ಅಪಘಾತ ಅಸಲಿಯೋ ನಕಲಿಯೋ ಹೇಳುವ ಕೆಲಸ. ಶಿಸ್ತಿನ ಮನುಷ್ಯ. ಬಾಗಿಲಲ್ಲಿ ಶೂ ಬಿಚ್ಚಿದರೆ ಎರಡನ್ನೂ ಸ್ಕೇಲ್ ಇಟ್ಟ ಹಾಗೆ ಜೋಡಿಸಿಯೇ ಒಳಗೆ ಬರುವುದು.

“ಮಾವ, ಹಾಗಾದ್ರೆ ನಿಜ ಹೇಳೋನು ಹೇಗೆ ಮಾತಾಡ್ತಾನೆ?”

“ಕಮ್ಮಿ. ನೋಡ್ಲಿಲ್ಲ, ಗೊತ್ತಿಲ್ಲ, ನೆನಪಿಲ್ಲ. ಆಘಾತ ಆದೋನ ತಲೆ ಖಾಲಿ ಇರುತ್ತೆ. ಅಂಥೋನ ಮೇಲೆ ಪೊಲೀಸರಿಗೆ ಅನುಮಾನ ಬರಲ್ಲ, ಬರಲೂಬಾರದು.”

ತಟ್ಟೆಯಲ್ಲಿ ಕೈ ಹಾಗೇ ಇಟ್ಟುಕೊಂಡು ಕೇಳಿಸಿಕೊಂಡ. ನನ್ನ ವಿದ್ಯಾರ್ಥಿಗಳಿಗೆ ಇದರಲ್ಲಿ ಕಾಲು ಭಾಗ ಶ್ರದ್ಧೆ ಇದ್ದಿದ್ದರೆ.

ಮಗಳು ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಈ ಸೆಖೆಗೆ ತುಂಬುತೋಳಿನ ಅಂಗಿ ಬೇರೆ. ಇನ್ನೊಂದು ಸ್ವಲ್ಪ ಬಡಿಸಲೇ ಎಂದು ಹೆಂಡತಿ ಅವಳನ್ನು ಕೇಳಿದರೆ, “ಅವಳಿಗೆ ಸಾಕು” ಎಂದು ಅಳಿಯ ಹೇಳಿದ. ಗಂಡ ಎಂದರೆ ಇಷ್ಟು ಗಮನ ಇರಬೇಕು.

ಅವರು ಹೋದ ಮೇಲೆ ಹೆಂಡತಿ ಪಾತ್ರೆ ಕುಕ್ಕುತ್ತ ಶುರು ಮಾಡಿದಳು. “ಈಜು ಕಲಿಸೋ ಹುಡುಗಿ ರೀ ಅವಳು. ಮೂರು ತಿಂಗಳಿಂದ ನೀರಿಗೆ ಇಳಿದಿಲ್ಲ. ದಡದಲ್ಲಿ ನಿಂತು ಸೀಟಿ ಊದ್ತಾಳಂತೆ. ಯಾಕೆ ಅಂತ ಕೇಳಿದ್ರಾ?”

ಸೋಮಾರಿತನ. ಅದಕ್ಕೊಂದು ಯಾಕೆ ಬೇರೆ.

ಫೆಬ್ರವರಿ 16, ಭಾನುವಾರ

ಹೆಂಡತಿಗೆ ಹೊಸ ಹುಚ್ಚು. ಅಳಿಯ ಮಗಳಿಗೆ ಹೊಡೆಯುತ್ತಾನಂತೆ. ಮಗಳು ಬಾಯಿಬಿಟ್ಟು ಹೇಳಿದ್ದಾಳೆಯೇ ಎಂದರೆ ಇಲ್ಲ. ಗುರುತು ನೋಡಿದೆಯಾ ಎಂದರೆ ಅದೂ ಇಲ್ಲ. “ನನ್ನ ಮಗಳು ನನಗೆ ಗೊತ್ತಿಲ್ವಾ?” ಇದು ಅವಳ ಸಾಕ್ಷ್ಯ. ಕೋರ್ಟಿನಲ್ಲಿ ಹಾಜರುಪಡಿಸಬೇಕು.

ಇಪ್ಪತ್ತಾರು ವರ್ಷ ಇಂಥವರ ಎದುರು ಕೂತಿದ್ದೇನೆ. ಅವರ ಬೆವರಿನ ವಾಸನೆ ಗೊತ್ತು ನನಗೆ. ಗದರುತ್ತಾರೆ, ಇಲ್ಲವೇ ಕಾಲು ಹಿಡಿಯುತ್ತಾರೆ. ಒಬ್ಬನೂ ಅಳಿಯನ ಹಾಗೆ ನನ್ನ ಪುಸ್ತಕವನ್ನು ಗೆರೆ ಎಳೆದು ಓದಿದವನಲ್ಲ.

ಅದನ್ನೇ ಹೇಳಿದೆ. ಹೆಂಡತಿ ಟೀವಿ ಹಾಕಿಕೊಂಡಳು. ಧಾರಾವಾಹಿ ನೋಡಿ ನೋಡಿ ತಲೆ ಕೆಟ್ಟಿದೆ.

ಫೆಬ್ರವರಿ 26, ಬುಧವಾರ

ಮಗಳ ಕೋಣೆಯಿಂದ ನನ್ನ ಫೈಲುಗಳನ್ನು ತೆಗೆಯಬೇಕಂತೆ. ಯಾಕೆಂದು ಗಂಟೆಗಟ್ಟಲೆ ಕಾಡಿದ ಮೇಲೆ ಹೆಂಡತಿ ಬಾಯಿಬಿಟ್ಟಳು. ಮಗಳು ಈಜುಕೊಳದ ಕಾವಲುಗಾರನ ಫೋನಿನಿಂದ ಕರೆ ಮಾಡಿದ್ದಳಂತೆ. ಶನಿವಾರ ಬಂದುಬಿಡುತ್ತಾಳಂತೆ, ಬಟ್ಟೆಬರೆ ಸಮೇತ. ಯಾರಿಗೂ ಹೇಳಬಾರದಂತೆ.

“ನಿಮಗೂ ಹೇಳಬೇಡ ಅಂದಿದ್ಲು. ಫೈಲು ನೀವೇ ಎತ್ತಬೇಕಲ್ಲ, ಅದಕ್ಕೆ ಹೇಳಿದೆ.”

ಗಂಡ ಹೆಂಡಿರ ಮುನಿಸಿಗೆ ಪತ್ತೇದಾರಿ ಸಿನಿಮಾದ ಬಿಲ್ಡಪ್ಪು. ನಗು ಬಂತು.

ಫೆಬ್ರವರಿ 27, ಗುರುವಾರ

ಅಳಿಯ ಆಫೀಸಿಗೆ ಬಂದಿದ್ದ, ಒಂದು ನಕಲಿ ಕ್ಲೇಮಿನ ವಿಷಯ ಕೇಳಲು. ಮಾತಿನ ಮಧ್ಯೆ ಹೇಳಿಯೇಬಿಟ್ಟೆ: “ಏನ್ರೀ, ಶನಿವಾರ ನಿಮ್ಮ ಮನೆಯವರು ಗಂಟುಮೂಟೆ ಕಟ್ಕೊಂಡು ನಮ್ಮನೆಗೆ ಬರ್ತಾರಂತೆ? ಜಗಳ ಆಡಿದ್ರಾ?” ಗಂಡಸರು ಕೂತು ನಕ್ಕರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಅವನೂ ನಕ್ಕ. ಕಾಫಿ ಪೂರ್ತಿ ಕುಡಿದ. ಹೋಗುವಾಗ ಕಪ್ ತೊಳೆದು ಬೋರಲು ಹಾಕಿ ಹೋದ. ನನ್ನ ಅಸಿಸ್ಟೆಂಟುಗಳು ಕಲಿಯಲಿ.

ಮಾರ್ಚ್ 1, ಶನಿವಾರ, ಬೆಳಿಗ್ಗೆ

ಅಳಿಯನ ಫೋನು. “ಮಾವ, ಅವಳು ಬಾತ್‌ರೂಮಲ್ಲಿ ಬಿದ್ದಿದ್ದಾಳೆ. ಆಸ್ಪತ್ರೇಲಿದ್ದೀವಿ. ನಾನು ನೋಡ್ಲಿಲ್ಲ. ಹೇಗೆ ಬಿದ್ಲೋ ಗೊತ್ತಿಲ್ಲ.”

ಪಾಪ, ಗಾಬರಿಯಾಗಿದ್ದಾನೆ. ಹೆಂಡತಿ ಚಪ್ಪಲಿ ಮೆಟ್ಟಿ ಹೊರಟುಹೋದಳು. ನನಗಾಗಿ ಕಾಯಲಿಲ್ಲ.

ಅದೇ ದಿನ, ಸಂಜೆ

ತೋಳು ಮುರಿದಿದೆ. ದವಡೆ ಊದಿಕೊಂಡು ಮುಖದ ಗುರುತೇ ಸಿಗುವುದಿಲ್ಲ. ಅಳಿಯ ಮಂಚದ ತಲೆಯ ಕಡೆ ನಿಂತಿದ್ದ. ಹೇಗೆ ಬಿದ್ದೆ ಎಂದು ಕೇಳಿದೆ.

“ನೋಡ್ಲಿಲ್ಲ ಅಪ್ಪ. ಗೊತ್ತಿಲ್ಲ. ನೆನಪಿಲ್ಲ.”

ನನ್ನ ಊಟದ ಮೇಜಿನ ಮಾತು. ಅದೇ ಮೂರು, ಅದೇ ಕ್ರಮದಲ್ಲಿ. ಪಾಠ ಒಪ್ಪಿಸುವಂತೆ ಒಪ್ಪಿಸಿದಳು. ಒಪ್ಪಿಸುವಾಗ ನೋಡಿದ್ದು ನನ್ನನ್ನಲ್ಲ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದಳು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು. “ಇದು ಬಿದ್ದು ಮುರಿದಿದ್ದಲ್ಲ ಸರ್. ತಿರುಚಿದ್ದು. ತೋಳಿನ ತುಂಬ ಹಳೇ ಕಲೆಗಳೂ ಇವೆ.” ಆಮೇಲೆ ಹೇಳಿದಳು, “ನಿಮ್ಮ ಟೀವಿ ಪ್ರೋಗ್ರಾಂ ಮನೇಲಿ ಎಲ್ಲರೂ ನೋಡ್ತೀವಿ.”

ತುಂಬುತೋಳಿನ ಅಂಗಿ.

ಮಾರ್ಚ್ 3, ಸೋಮವಾರ

ಮಗಳು ಆಸ್ಪತ್ರೆಯಲ್ಲಿಲ್ಲ. ಅಳಿಯ ಹೇಳಿಕೆ ಕೊಡಲು ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದಾಗ ಹೆಂಡತಿ ಮತ್ತು ಡಾಕ್ಟರಮ್ಮ ಸೇರಿ ಹಿಂದಿನ ಬಾಗಿಲಿಂದ ಕಳಿಸಿಬಿಟ್ಟಿದ್ದಾರೆ. ಹೆಂಡತಿ ತನ್ನ ಬಟ್ಟೆ ತೆಗೆದುಕೊಳ್ಳಲು ಬಂದಳು. ಮಗಳು ಎಲ್ಲಿದ್ದಾಳೆ ಎಂದು ಕೇಳಿದೆ.

“ನಿಮಗೆ ಹೇಳಲ್ಲ.”

ನಾನು ಅವಳ ಅಪ್ಪ ಎಂದೆ. ಹೆಂಡತಿ ಚೀಲದ ಜಿಪ್ ಎಳೆಯುತ್ತಿದ್ದವಳು ನಿಂತಳು.

“ಕೈ ತಿರುಚ್ತಾ ಒಂದೇ ಮಾತು ಕೇಳಿದ್ನಂತೆ. ‘ಶನಿವಾರ ಹೋಗ್ತೀಯಾ?’ ಅಂತ. ಶನಿವಾರದ ವಿಷಯ ನಾನು ಹೇಳಿದ್ದು ನಿಮಗೊಬ್ಬರಿಗೆ.”

ಕೂಗಾಡಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿ ಇತ್ತು. ಸಾಕ್ಷಿಕಟ್ಟೆಯಲ್ಲಿ ನಿಂತ ಮುಟ್ಠಾಳರನ್ನು ನಾನು ಹೇಗೆ ನೋಡುತ್ತೇನೋ ಹಾಗೆ ನೋಡಿ ಹೋದಳು. ಅಷ್ಟು ವರ್ಷ ಜೊತೆಗಿದ್ದು ಕಲಿತದ್ದು ಅದೊಂದನ್ನೇ ಇರಬೇಕು.

ಮಾರ್ಚ್ 4, ಮಂಗಳವಾರ

ಮೀಸೆಯ ಸ್ಟೇಷನ್ನು. ಅಳಿಯನ ಹೇಳಿಕೆ ತೋರಿಸಿದ. ಎರಡು ಸಾಲು. ನೋಡಲಿಲ್ಲ, ಗೊತ್ತಿಲ್ಲ. ಮಗಳು ಆಸ್ಪತ್ರೆಯಲ್ಲಿ ಕೊಟ್ಟದ್ದೂ ಅಷ್ಟೇ.

“ಅವನನ್ನ ಒಳಗೆ ಹಾಕ್ರೀ” ಎಂದೆ.

“ಯಾವ ಆಧಾರದ ಮೇಲೆ ಸರ್? ತಿರುಚಿದ್ದು ಅಂತ ಡಾಕ್ಟರ್ ಬರೆದಿದ್ದಾರೆ, ಯಾರು ಅಂತ ಬರೆದಿಲ್ಲ. ವಿವರ ಇಲ್ಲದ ಮಾತು ನಿಜ ಅಂತ ನೀವೇ ಟ್ರೇನಿಂಗಲ್ಲಿ ಹೇಳಿದ್ದೀರಿ. ನಾವು ನೋಟ್ಸ್ ಮಾಡ್ಕೊಂಡಿದ್ದೀವಿ.” ಗೇಲಿ ಮಾಡಲಿಲ್ಲ. ಅವನಿಗೆ ಅಷ್ಟು ಬುದ್ಧಿ ಇಲ್ಲ. ನಿಜವಾಗಿಯೂ ನಂಬಿದ್ದಾನೆ. “ಮಗಳು ಮತ್ತೊಂದು ಹೇಳಿಕೆ ಕೊಡಲಿ. ನೀವೂ ಬರೆದುಕೊಡಿ.”

ಮಾರ್ಚ್ 6, ಗುರುವಾರ

ಬರೆದೆ. ಭಾನುವಾರದ ಊಟ, ಅವನ ಪ್ರಶ್ನೆ, ನನ್ನ ಉತ್ತರ. ಅಂಗಿಯ ತೋಳು. ಆಫೀಸು, ಕಾಫಿ, ಶನಿವಾರದ ಮಾತು, ನನ್ನ ನಗು, ಅವನ ನಗು, ತೊಳೆದಿಟ್ಟ ಕಪ್ ನೀರಿನ ನಲ್ಲಿಯ ಎಡಕ್ಕಿತ್ತು ಎಂಬುದೂ ಬಂತು. ಬೇಡವೆಂದರೂ ಬರುತ್ತದೆ. ಒಂದೂ ಬಿಟ್ಟುಹೋಗುವುದಿಲ್ಲ. ಕಣ್ಣು ಮುಚ್ಚಿದರೆ ಆ ಕಪ್ಪಿನ ಅಂಚಿನಲ್ಲಿ ನಿಂತ ಹನಿ ಕಾಣುತ್ತದೆ.

ಮೀಸೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುತ್ತ ಓದಿದ. “ವಿವರ ಜಾಸ್ತಿ ಆಯ್ತಲ್ಲ ಸರ್.”

ದರ್ಜಿಯೂ ಹೀಗೇ ಬರೆಸಿದ್ದ. ಚಪ್ಪಲಿ, ಬಕೆಟ್, ದಾರ. ಅವನಿಗೂ ಎಲ್ಲ ನೆನಪಿತ್ತು, ಅಷ್ಟೇ ಇರಬಹುದು. ಹತ್ತು ವರ್ಷ. ಇಪ್ಪತ್ತಾರು ವರ್ಷದಲ್ಲಿ ನಾನು ಕಂಡ ಮೂರ್ಖರಲ್ಲಿ ಇಂಥವನೊಬ್ಬನಿರಲಿಲ್ಲ. ಕನ್ನಡಿಯಲ್ಲಿ ಸಿಕ್ಕ.

ಮಾರ್ಚ್ 7, ಶುಕ್ರವಾರ

ಮಗಳ ಕೋಣೆ ಖಾಲಿ ಮಾಡಿದೆ. ಫೈಲುಗಳೆಲ್ಲ ಹಜಾರದಲ್ಲಿ. ಮಂಚದ ಕೆಳಗೆ ಅವಳ ಹಳೇ ಈಜು ಕನ್ನಡಕ ಸಿಕ್ಕಿತು. ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ. ಅವಳು ಬರುವುದಿಲ್ಲ, ಗೊತ್ತು. ಆದರೂ.

ಹೆಂಡತಿಗೆ ಫೋನು ಮಾಡಿದೆ. ಎಲ್ಲಿದ್ದೀರಿ ಎಂದು ಕೇಳಲಿಲ್ಲ. ಮಗಳು ಹೊಸ ಹೇಳಿಕೆ ಕೊಡಲು ಒಪ್ಪಿದ್ದಾಳಂತೆ, ನಾಳೆ. “ನಾಳೆ ತನಕ ಅವನಿಗೆ ಅವಳು ಸಿಗಬಾರದು, ಅಷ್ಟೇ” ಎಂದು ಇಟ್ಟಳು. ಇಷ್ಟಾದರೂ ನನಗೆ ಹೇಳಿದಳಲ್ಲ.

ಗೇಟು ತೆರೆದ ಸದ್ದು. ಮೀಸೆ ಆಗಿದ್ದರೆ ಬೂಟಿನಲ್ಲೇ ನುಗ್ಗುತ್ತಾನೆ. ಇದು ಬಾಗಿಲಲ್ಲಿ ನಿಂತಿದೆ. ಒಂದು ಶೂ ಇಟ್ಟ ಸದ್ದು. ಅದರ ಪಕ್ಕಕ್ಕೆ ಇನ್ನೊಂದು.

“ಮಾವ, ಇದ್ದೀರಾ?”

ಎಲ್ಲಿದ್ದಾಳೆ ಎಂದು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತೇನೆ. ನಿಜವಾಗಿಯೂ ಗೊತ್ತಿಲ್ಲ, ಹೆಂಡತಿ ಪುಣ್ಯಾತ್ಮಳು. ಒಂದೇ ಮಾತು, ವಿವರ ಇಲ್ಲ. ನನ್ನ ಶಿಷ್ಯ, ನಂಬಲೇಬೇಕು. ನಂಬದಿದ್ದರೆ ನಾಳೆಯವರೆಗೆ ಹೇಗಾದರೂ ಅವನನ್ನು ಇಲ್ಲೇ ತಡೆದಿಟ್ಟು—