ಅರ್ಧ ಒಡಪು

ಸದಾಶಿವ ಪೇಠ, ಪುಣೆ
೧೪ ನವೆಂಬರ್ ೧೯೩೮

ಪ್ರೀತಿಯ ಅವ್ವನಿಗೆ ನಿನ್ನ ಇಂದೂಳ ನಮಸ್ಕಾರ.

ನೀನು ಧಾರವಾಡಕ್ಕೆ ಹೋಗಿ ಐದು ತಿಂಗಳಾದವು. ಪ್ರತಿ ಪತ್ರದಲ್ಲೂ 'ಇಲ್ಲಿ ಎಲ್ಲ ಕ್ಷೇಮ' ಎಂದು ಬರೆದೆ. ಅದು ಸುಳ್ಳು. ನಿಜ ಬರೆಯಬಾರದೆಂದು ಅಪ್ಪ ಆಣೆ ಹಾಕಿದ್ದರು.

ನನ್ನ ಮದುವೆಯ ಮಾತಿಗೆ ಜಗಳವಾಗಿ ನೀನು ಟಾಂಗಾ ಹತ್ತಿದಾಗ ಅಪ್ಪ ಹೊಸ್ತಿಲೊಳಗೇ ನಿಂತಿದ್ದರು. "ಒಂದ ಹೆಜ್ಜಿ ಹೊರಗ ಬಂದು ಬ್ಯಾಡ ಅಂದಿದ್ರ ಇಳೀತಿದ್ದೆ" ಎಂದು ನೀನು ಸೋದರಮಾವನೆದುರು ಅತ್ತಿದ್ದೆಯಂತೆ. ಅವ್ವಾ, ಅದು ಹಟವಲ್ಲ. ಟಾಂಗಾ ಓಣಿ ದಾಟಿದ ಮೇಲೆ ಅವರು ನನ್ನ ಹೆಗಲು ಹಿಡಿದು, "ಇಂದೂ, ಕಾಲು ನೆಲಕ್ಕ ಅಂಟಿದಾವ, ಏಳವಲ್ವು" ಎಂದರು.

ದಂಡಿನ ಕ್ಯಾಂಪಿನಿಂದ ಮನೆಗೇ ಬಂದು ನೋಡಿದ ಡಾಕ್ಟರರು ಕಂಪವಾಯು ಎಂದಿದ್ದಾರೆ. ನಡಿಗೆಗೆ ಮಿದುಳಿನಲ್ಲೇ ಒಂದು ತಾಳವಿರುತ್ತದಂತೆ, ಅಪ್ಪನಲ್ಲಿ ಅದು ತಪ್ಪಿದೆ. ಹೊರಗಿನ ತಾಳ ಸಿಕ್ಕರೆ ಕಾಲು ಕೇಳೀತು ಎಂದರು. ಜರ್ಮನಿಯಲ್ಲಿ ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಯಂತ್ರವೂ ಇದೆಯಂತೆ.

ಚಪ್ಪಾಳೆ ತಟ್ಟಿದೆ, ತಂಬಿಗೆ ಬಡಿದೆ. ಅಪ್ಪ ನಕ್ಕರು, ಕಾಲು ಏಳಲಿಲ್ಲ. ಆಗ ನೀನು ಪ್ರತಿ ದೀಪಾವಳಿಗೆ ಎಣ್ಣೆ ಹಚ್ಚುತ್ತ ಹೇಳುತ್ತಿದ್ದ ಕಥೆ ನೆನಪಾಯಿತು. ಮದುಮಗಳಾಗಿ ಬಂದ ನಿನ್ನನ್ನು ಇದೇ ಹೊಸ್ತಿಲಲ್ಲಿ ತಡೆದು, ಗಂಡನ ಹೆಸರಿಟ್ಟು ಒಡಪು ಹೇಳುವವರೆಗೆ ಒಳಗೆ ಬಿಡಲಿಲ್ಲವಲ್ಲ, ಅದು. ಪುಣೆಯ ಎರಡು ಹೊಳೆಗಳ ಆ ಒಡಪನ್ನು ನಿನ್ನ ಹಾಗೆಯೇ ಎಳೆದು ಹೇಳಿದೆ:

ಮುಳಾ ಬಂತು, ಮುಠಾ ಬಂತು ಸಂಗಮದ ನೀರಿಗೆ,
ಧಾರವಾಡದ ಹುಡಿಗಿ ಬಂದಾಳ ........ರಾಯರ ಮನಿಗೆ.

'ಮುಳಾ' ಎಂದಾಗ ಬಲಗಾಲು ಎದ್ದಿತು. 'ಮುಠಾ' ಎಂದಾಗ ಎಡಗಾಲು.

ಈಗ ಬೆಳಿಗ್ಗೆ ಸಂಜೆ ಅದೇ ಅಭ್ಯಾಸ. ಎದುರು ಮನೆಯ ರಂಗೂಬಾಯಿ ಬಿಡುತ್ತಾರೆಯೇ? "ಏನವಾ ಬಿ.ಎ., ಒಡಪು ಹೇಳ್ಲಿಕತ್ತೀ, ಗಂಡ ಯಾವಾಗ ಸಿಕ್ಕ?" ಎಂದರು. ನಾನು ನಾಚಿದೆ. ಅಪ್ಪನೇ, "ಗಂಡ ನಾನ ಇದ್ದೀನ್ರೀ, ಹೆಂಡತಿ ಧಾರವಾಡದಾಗ ಅದಾಳ" ಎಂದರು. ಬಹಳ ದಿನಗಳ ಮೇಲೆ ಅವರ ಬಾಯಲ್ಲಿ ನಿನ್ನ ಮಾತು ಬಂತು.

ಬಾ ಎಂದು ಅವರು ಬರೆಸಿಲ್ಲ. ಆಣೆ ಮುರಿದದ್ದು ನಾನು.

ನಿನ್ನ ಮಗಳು,
ಇಂದೂ

ತಾ.ಕ.: ಒಂದು ಮಾತು ಬಿಟ್ಟಿದ್ದೆ. ಅಪ್ಪ ಇನ್ನೂ ಹೊಸ್ತಿಲು ದಾಟಿಲ್ಲ. 'ಧಾರವಾಡದ ಹುಡಿಗಿ ಬಂದಾಳ' ಎನ್ನುವಷ್ಟರಲ್ಲಿ ಸರಿಯಾಗಿ ಅದರ ಮುಂದೆ ಬಂದಿರುತ್ತಾರೆ. ಮುಂದಿನದು ಅವರ ಹೆಸರು. ಅದು ಮಗಳ ಬಾಯಲ್ಲಿ ಹೇಗೆ ಬರಬೇಕು? ನಾನು ನಿಲ್ಲಿಸುತ್ತೇನೆ. ಅವರು ಎತ್ತಿದ ಕಾಲನ್ನು ಅಲ್ಲೇ ಇಳಿಸಿ, ಟಾಂಗಾ ಹೋದ ಓಣಿಯ ಕಡೆ ನೋಡುತ್ತಾರೆ.