ನೂಜಿನ್‌ಳ ಮುಂದೆ ಹಾಸಿದ ಬಿಳಿ ವಸ್ತ್ರ

ಹೊಳೆ ಮರಳಿದ ಅರವತ್ತೊಂದನೆಯ ವರ್ಷ, ರಂಜಾನ್ ತಿಂಗಳು

ಖಜಾಲಜ್ಜಿಗೆ ಹಲೀಮೆಯ ಸಲಾಂ.

ಇವತ್ತೂ ಉಪವಾಸವಿದ್ದೇನೆ. ಬೆಳಗಿನ ನಮಾಜು ಮುಗಿಸಿ, ಹೊಲದ ಮಂಜುಬಲೆಗಳನ್ನು ಕೊಡವಿ ಮಡಚಿಟ್ಟೆ. ಇಬ್ಬನಿಯನ್ನು ಹಿಡಿದು ನೀರು ಮಾಡುವ ಬಲೆಗಳು ಇವು, ನಿಮ್ಮ ಕಾಲದಲ್ಲಿ ಇರಲಿಲ್ಲ. ಆಡುಗಳ ಹಾಲು ಕರೆದು, ಸಂಜೆಯ ರೊಟ್ಟಿಗೆ ಹಿಟ್ಟು ನಾದಿಟ್ಟು ಬರೆಯಲು ಕುಳಿತಿದ್ದೇನೆ. ಮೇಲಿನ ತಾರೀಖು ನಿಮಗೆ ತಿಳಿಯಲಾರದು, ಕ್ಷಮಿಸಿ. ಹೊಳೆಯ ಮೇಲ್ಭಾಗದ ಸೀಮೆಯವರು ತಮ್ಮ ಅಣೆಕಟ್ಟು ಒಡೆದು ನಮ್ಮ ಹೊಳೆಯನ್ನು ನಮಗೆ ಬಿಟ್ಟ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನೀವು ಅದಕ್ಕೂ ಬಹಳ ಹಿಂದಿನವರು, ನನ್ನ ಮುತ್ತಜ್ಜಿಯ ತಂಗಿ. ಆದರೆ ಗೋಡೆಯ ಮೇಲಿನ ಪಟದಲ್ಲಿ ಬಂದೂಕು ಹೊತ್ತು ನಗುತ್ತಿರುವ ನೀವು ನನ್ನ ಮಗಳಿಗಿಂತ ಚಿಕ್ಕವರು. ಅಜ್ಜಿ ಎನ್ನಲು ನಾಲಿಗೆ ತಡವರಿಸುತ್ತದೆ.

ನಿಮ್ಮ ಕಾಲದ ಯುದ್ಧದಲ್ಲಿ ನಮ್ಮ ಕುರ್ದ್ ಹೆಣ್ಣುಮಕ್ಕಳು ಬಂದೂಕು ಹಿಡಿದು ಮುಂಚೂಣಿಗೆ ಹೊರಟಾಗ, ಮೊದಲು ಯುದ್ಧ ಗೆಲ್ಲೋಣ, ಹೆಂಗಸರ ಮಾತು ಆಮೇಲೆ ಎಂದರಂತೆ ಗಂಡಸರು. ಎರಡೂ ಒಂದೇ ಯುದ್ಧ ಎಂದಿರಂತೆ ನೀವು. ಅದರ ಫಲವನ್ನು ಈಗ ನಾನು ಉಣ್ಣುತ್ತಿದ್ದೇನೆ. ನಮ್ಮೂರಿನಲ್ಲಿ ಜೋಡಿಪೀಠವಿದೆ. ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ಹೆಂಗಸು. ಇಬ್ಬರೂ ಅಂಗೈ ಒತ್ತದೆ ಊರಿನ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಹೆಂಗಸಿನ ಪೀಠದಲ್ಲಿ ಕೂರುವವಳು ನಾನೇ.

ನಿನ್ನೆ ಅಲ್ಲಿ ಕೂತು ನಾನು ಮಾಡಿದ್ದನ್ನು ಕೇಳಿ. ನನ್ನ ತಮ್ಮ ಶೇರ್ಕೋನ ಮನೆಗೂ ಮಿರ್ಜಾನ ಮನೆಗೂ ಕಾಲುವೆ ನೀರಿಗಾಗಿ ಜಗಳವಾಗಿ, ತಮ್ಮನ ಸಲಿಕೆಯ ಏಟಿಗೆ ಮಿರ್ಜಾನ ಮಗನ ಕೈ ಮುರಿದಿತ್ತು. ಹಗೆ ಬೆಳೆಯದಿರಲೆಂದು ಹಿರಿಯರು ಹಳೆಯ ಅದಲುಬದಲು ಮದುವೆಯನ್ನು ಹೊರತೆಗೆದರು. ತಮ್ಮನ ಮಗಳು ನೂಜಿನ್ ಆ ಮನೆಗೆ, ಆ ಮನೆಯ ಹುಡುಗಿ ಈ ಮನೆಗೆ. ನೂಜಿನ್ ಸಭೆಯಲ್ಲಿ ಎದ್ದು ನಿಂತಳು. "ಸಲಿಕೆ ಎತ್ತಿದ್ದು ನಾನಲ್ಲ. ಹೋಗೋದು ಮಾತ್ರ ನಾನಾ? ರಾಜಿ ಮೇಲೆ ಅಷ್ಟು ಪ್ರೀತಿ ಇದ್ರೆ ಅಪ್ಪನೇ ಹೋಗಿ ಅವ್ರ ಮನೇಲಿ ಪಾತ್ರೆ ತೊಳೀಲಿ" ಎಂದಳು. ಹೆಂಗಸರು ನಕ್ಕರು. ಗಂಡಸರು ತೋಳೇರಿಸಿ ಎದ್ದರು.

ಆಗ ನಾನು ತಲೆಯ ಬಿಳಿ ವಸ್ತ್ರವನ್ನು ತೆಗೆದು ನಡುವೆ ಹಾಸಿದೆ. ಈ ಪದ್ಧತಿ ನಿಮಗೆ ಗೊತ್ತು. ಹೆಂಗಸು ಹಾಸಿದ ಬಿಳಿ ವಸ್ತ್ರವನ್ನು ಯಾರೂ ದಾಟಬಾರದು, ಜಗಳ ಅಲ್ಲಿಗೇ ನಿಲ್ಲಬೇಕು. ನಿಂತಿತು. ಹಲೀಮೆ ಊರಿನ ಮಾನ ಉಳಿಸಿದಳು ಎಂದರು, ನನಗೂ ಹಿತವೆನಿಸಿತು. ಹೊರಗೆ ಬರುವಾಗ ನೂಜಿನ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅತ್ತೆ, ಗಲಾಟೆ ಮಾಡಿದ್ದು ಅವ್ರು. ನೀವು ಬಾಯಿ ಮುಚ್ಚಿಸಿದ್ದು ನನ್ದು."

ಗಲಾಟೆ ನಿಂತರೆ ನ್ಯಾಯವಾಯಿತು ಎಂದುಕೊಂಡಿದ್ದೆ, ಅಜ್ಜಿ. ರಕ್ತ ನಿಲ್ಲಿಸಲು ಇರುವ ವಸ್ತ್ರವನ್ನು ಒಬ್ಬ ಹುಡುಗಿಯ ಮಾತಿನ ಮೇಲೆ ಹೊದಿಸಿದೆ. ಬೆಳಗಿನ ನಮಾಜಿನಲ್ಲಿ ನೆಲಕ್ಕೆ ಹಣೆ ಹಚ್ಚಿದವಳಿಗೆ ಏಳಲು ಮುಖವಿರಲಿಲ್ಲ. ನೀವು ಪ್ರಾಣ ಕೊಟ್ಟು ಗಳಿಸಿದ ಪೀಠದಲ್ಲಿ ಕೂತು, ಗಂಡಸರು ತಾವಾಗಿ ಮಾಡಲಾಗದ ಕೆಲಸವನ್ನು ನಾನು ಅವರಿಗೆ ಮಾಡಿಕೊಟ್ಟೆ.

ಈ ಸಂಜೆ ಉಪವಾಸ ಬಿಟ್ಟ ಮೇಲೆ ಆ ಮದುವೆಯ ತೀರ್ಮಾನಕ್ಕೆ ಅಂಗೈ ಒತ್ತಲು ಕರೆಯುತ್ತಾರೆ. ಒತ್ತುವುದಿಲ್ಲ. ನಿನ್ನೆ ವಸ್ತ್ರ ಹಾಸಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳುತ್ತೇನೆ. ನನ್ನನ್ನು ಇಳಿಸಲಿ. ಭಯ ಬೇರೆಯದು: ಅದರಿಂದ ಮತ್ತೆ ಸಲಿಕೆಗಳು ಎದ್ದು ಯಾರಾದರೂ ಸತ್ತರೆ ಆ ಪಾಪವೂ ನನ್ನದೇ ಅಲ್ಲವೇ? ನೀವೂ ಎಂದಾದರೂ ಹೀಗೆ ಭಯಪಟ್ಟಿದ್ದುಂಟೇ? ಸತ್ತವರು ಬರೆಯುವುದಿಲ್ಲವೆಂದು ಗೊತ್ತು, ಆದರೂ ಉತ್ತರ ಬರೆಯಿರಿ. ನಮ್ಮೂರ ಶಾಲೆಯ ಹಿಂಗೋಡೆಯಲ್ಲಿ ನಿಮ್ಮ ಕಾಲದ ಗುಂಡು ತಾಗಿದ ತೂತಿನಲ್ಲಿ ಇಟ್ಟು ಹೋಗಿ. ಆ ಗೋಡೆಯನ್ನು ನಾವು ಕೆಡವಿಲ್ಲ. ತರಲು ನೂಜಿನ್‌ಳಿಗೇ ಹೇಳುತ್ತೇನೆ. ನನಗಿಂತ ಮೊದಲು ಅವಳು ಓದಿಕೊಳ್ಳಲಿ.