ಪೊರೆ ದಾಟುವ ಮುನ್ನ

ಮಹಡಿ ಕೋಣೆ
ಮಂಗಳವಾರ, ಇಳಿಹೊತ್ತು

ಮಹಾಜನಗಳೇ! ಮುಂದಿನ ಕುರ್ಚಿಯ ಮಹನೀಯರೇ, ಕಂಬದ ಮರೆಯ ಬಡಪಾಯಿಗಳೇ, ಟಿಕೆಟ್ಟಿಲ್ಲದೆ ನುಸುಳಿದ ಚತುರರೇ! ಎಲ್ಲರೂ ನೀನೊಬ್ಬಳೇ, ಪ್ರೀತಿಯ ಮಗಳೇ.

ನೆಗಡಿ ವಾಸಿಯಾಯಿತೇ? ಆ ತಣ್ಣನೆಯ ಲ್ಯಾಬಿನಲ್ಲಿ ಸ್ವೆಟರ್ ಹಾಕಿಕೊಳ್ಳುತ್ತೀಯೋ, ಇಲ್ಲ ಬೆಚ್ಚಗಿನ ಪೆಟ್ಟಿಗೆ ನಿನ್ನ ಜೀವಕೋಶಗಳಿಗೆ ಮಾತ್ರವೋ? ನನ್ನ ಸಮಾಚಾರ ನಿನಗೆ ಗೊತ್ತಿದ್ದದ್ದೇ: ಗಂಟಲಿನ ಗಂಟು ಕ್ಯಾನ್ಸರೇ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು, ಇನ್ನೊಂದು ನಾಟಕ ಮುಗಿಯಲಿ ಎಂದು ನಾನು. ನಿನ್ನಮ್ಮ ಮುನಿದು ಮಾತು ಬಿಟ್ಟಿದ್ದಾಳೆ. ಲೋಟ ಕುಕ್ಕುವ ಸದ್ದಿನಲ್ಲೇ ಎಲ್ಲ ಹೇಳುತ್ತಾಳೆ.

ಹೋದ ವರ್ಷ ನಿನ್ನ ಲ್ಯಾಬಿನ ಪರದೆಯ ಮೇಲೆ ನೀನು ಒಂದು ಕ್ಯಾನ್ಸರ್ ಕೋಶದ ಇಡೀ ದಿನದ ಓಡಾಟವನ್ನು ಚಿಟಿಕೆಯಲ್ಲಿ ಓಡಿಸಿ ತೋರಿಸಿದ್ದೆ. "ನೋಡಪ್ಪಾ, ಪಕ್ಕದವರ ಕೈ ಹಿಡಿದಿಡೋ ಪ್ರೋಟೀನನ್ನೇ ಇದು ಬಿಟ್ಟುಬಿಟ್ಟಿದೆ" ಎಂದೆ. ದುಂಡಗೆ ಕೂತಿದ್ದದ್ದು ನೀಳವಾಯಿತು, ಕಾಲು ಚಾಚಿತು, ಕಿಣ್ವ ಉಗುಳಿ ಕೆಳಗಿನ ಪೊರೆಯನ್ನು ಕರಗಿಸಿ ತೂರಿಯೇ ತೂರಿತು. ಎಂಥಾ ಪ್ರವೇಶ! ನಾನು ಚಪ್ಪಾಳೆ ತಟ್ಟಿಬಿಟ್ಟೆ. "ಅಪ್ಪಾ, ಅದಕ್ಕೆಲ್ಲ ಚಪ್ಪಾಳೆ ಹೊಡೀತಾರಾ?" ಎಂದು ಗದರಿದೆ. ಲ್ಯಾಬಿನವರೆಲ್ಲ ನಕ್ಕರು, ನೀನು ನಗಲಿಲ್ಲ.

ಇವತ್ತು ಊಟದ ಮೇಲೆ ಜೊಂಪು ಹತ್ತಿತು. ಅದೇ ಕೋಶ ಕಂಡಿತು ಮಗಳೇ, ಬಾಗಿಲಿನಷ್ಟು ದೊಡ್ಡದು, ಒಳಗೆ ದೀಪ ಹಚ್ಚಿಟ್ಟ ಗಾಜಿನಂಥದ್ದು. ರಕ್ತದ ಕೆಂಪು ಹೊಳೆಗೆ ಇಳಿಯಿತು. ಜೊತೆಗಿಳಿದವು ಒಂದೊಂದಾಗಿ ಒಡೆದು ಕರಗಿದವು. ಅಲ್ಲಿ ಉಳಿಯುವುದು ಬಲು ಅಪರೂಪ ಎಂದಿದ್ದೆಯಲ್ಲ, ಹಾಗೇ. ಇದೊಂದು ತೇಲಿತು, ತೇಲಿತು, ಶ್ವಾಸಕೋಶದ ದಡಕ್ಕೆ ತಾಗಿ ಮೆಲ್ಲನೆ ಹಾಸಿಗೆ ಬಿಡಿಸಿತು. ಉಸಿರಾಡಿದಂತೆಲ್ಲ ಆ ದಡ ಹಿಗ್ಗಿ ಕುಗ್ಗುತ್ತಿತ್ತು. ಎಷ್ಟು ಹಿತವಾಗಿತ್ತೆಂದರೆ ನನಗೂ ಅಲ್ಲೇ ಮಲಗೋಣವೆನಿಸಿತು. ಆಗ ಅದು ತಿರುಗಿ, ನನ್ನ ದನಿಯಲ್ಲಿ, ನನ್ನದೇ ಠೀವಿಯಲ್ಲಿ ಹೇಳಿತು: "ಇನ್ನೊಂದು ನಾಟಕ ಮುಗಿಯಲಿ!"

ಬೆವೆತು ಎದ್ದೆ. ನಿನ್ನಮ್ಮ ಮೌನ ಮುರಿದಳು: "ಕನಸಲ್ಲೂ ಕೂಗ್ತೀರಲ್ರೀ, ಪಕ್ಕದ ಮನೆಯವರು ಹೆದರಿ ಬಾಗಿಲು ತಟ್ಟಿದ್ರು."

ಹೊತ್ತಿಗೆ ಸರಿಯಾಗಿ ಉಣ್ಣು. ನೂರ್ಕಾಲ ಸುಖವಾಗಿ ಬಾಳು.

ನಿನ್ನ ಅಪ್ಪ

ತಾ.ಕ.: ಇದರ ಫೋಟೋ ತೆಗೆದು ನಿನಗೆ ಕಳಿಸಲು ಅಮ್ಮ ತುದಿಗಾಲಲ್ಲಿ ನಿಂತಿದ್ದಾಳೆ, ಬೇಗ ಬರೆದು ಮುಗಿಸುತ್ತೇನೆ. ಎದ್ದವನೇ ಡಾಕ್ಟರಿಗೆ ಫೋನ್ ಮಾಡಿ, ಆಪರೇಷನ್ ಆಗಲಿ ಎಂದೆ. ಗಂಟು ಇನ್ನೂ ಹೊರಗೆ ಕಾಲಿಟ್ಟಂತಿಲ್ಲ, ನಾಳೆಯೇ ಬನ್ನಿ ಎಂದರು. ನೀನು ಬಂದು ಸೇರುವಷ್ಟರಲ್ಲಿ ದನಿ ಇರುವುದಿಲ್ಲ. ಅದಕ್ಕೇ ಬೆಳಿಗ್ಗೆ ಹೊರಡುವ ಮುಂಚೆ ಫೋನ್ ಮಾಡುತ್ತೇನೆ. ನಾಟಕದ ಸಂಭಾಷಣೆ ಗಿಂಭಾಷಣೆ ಏನೂ ಇಲ್ಲ. "ತಿಂಡಿ ಆಯ್ತಾ ಮಗಳೇ?" ಎಂದು ಕೇಳುತ್ತೇನೆ.